ಗಾತ್ರದ ಗೀಳು

ನಮ್ಮ ರಾಜೀವನಗರದಲ್ಲಿ ಭಾನುವಾರ ಸಂಜೆ ನಾಲ್ಕಾರು ಮಂದಿ ಒಂದು ಮನೆಯ ಮಾಳಿಗೆಯ ಮೇಲೆ ಸೇರಿ ಓದಿದ್ದನ್ನು ಮಾತಾಡಿಕೊಳ್ಳುವ ರೂಢಿ ಇದೆ. ಇದಕ್ಕೆ ಸಂಘವೆಂಬ ಹೆಸರಿಲ್ಲ, ಅಧ್ಯಕ್ಷರಿಲ್ಲ, ವಂದನಾರ್ಪಣೆಯಂತೂ ಇಲ್ಲವೇ ಇಲ್ಲ. ಚಹಾ ಮನೆಯವರದು, ಬಿಸ್ಕತ್ತು ಸರದಿಯ ಮೇಲೆ. ಸುತ್ತ ಕಣ್ಣು ಹಾಯಿಸಿದರೆ ಪ್ರತಿ ಮಾಳಿಗೆಯ ಮೇಲೂ ಒಂದೊಂದು ಕರಿಯ ನೀರಿನ ಟ್ಯಾಂಕು. ಅವುಗಳ ನಡುವೆ ಕುಳಿತು ನಾವು ಲೋಕದ ವಿಚಾರವನ್ನೆಲ್ಲ ತೀರ್ಮಾನ ಮಾಡುತ್ತೇವೆ. ಹೋದ ತಿಂಗಳು ಅಲ್ಲಿ ನಡೆದ ಒಂದು ಜಗಳವೇ ಈ ಲೇಖನಕ್ಕೆ ಕಾರಣ. ಜಗಳದಲ್ಲಿ ನಾನು ಸೋತೆನೆಂದು ಅಲ್ಲಿದ್ದವರ ಅಭಿಪ್ರಾಯ. ಬಾಯಿಮಾತಿನಲ್ಲಿ ಸೋತವನು ಬರೆಹದಲ್ಲಿ ಗೆಲ್ಲಲು ಹೊರಡುವುದು ಹಳೆಯ ಚಾಳಿ, ಓದುಗರು ಮನ್ನಿಸಬೇಕು.

ಎಂಜಿನಿಯರಿಂಗ್ ಓದುತ್ತಿರುವ ಹುಡುಗನೊಬ್ಬ ನಮ್ಮ ಕೂಟಕ್ಕೆ ಬರುತ್ತಾನೆ. ವಿಜ್ಞಾನ ಕಥೆಗಳೆಂದರೆ ಅವನಿಗೆ ಊಟ ಬೇಡ, ನಿದ್ದೆ ಬೇಡ. ಅಂದು ಅವನು ಲ್ಯಾರಿ ನಿವೆನ್ ಎಂಬ ಅಮೆರಿಕದ ಲೇಖಕ ೧೯೭೦ರಲ್ಲಿ ಬರೆದ ‘ರಿಂಗ್‌ವರ್ಲ್ಡ್’ ಕಾದಂಬರಿಯನ್ನು ವರ್ಣಿಸಿದ. ನಕ್ಷತ್ರವೊಂದಕ್ಕೆ ತೊಡಿಸಿದ ಬಳೆ ಅದು. ನಮಗೂ ಸೂರ್ಯನಿಗೂ ಎಷ್ಟು ದೂರವೋ ಆ ಬಳೆಗೂ ಅದರ ನಡುವಿನ ನಕ್ಷತ್ರಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ, ಸುಮಾರು ಹದಿನೈದು ಕೋಟಿ ಕಿಲೋಮೀಟರು. ಪಟ್ಟಿಯ ಅಗಲ ಹದಿನಾರು ಲಕ್ಷ ಕಿಲೋಮೀಟರು. ಒಳಮೈಯಲ್ಲಿ ಕಡಲು, ಕಾಡು, ಬೆಟ್ಟ, ಜನ. ಗಾಳಿ ಅಂಚಿನಾಚೆ ಚೆಲ್ಲಿಹೋಗದಂತೆ ಸಾವಿರ ಮೈಲಿ ಎತ್ತರದ ಗೋಡೆ. ಒಟ್ಟು ವಿಸ್ತಾರ ನಮ್ಮ ಭೂಮಿಯಂಥ ಮೂವತ್ತು ಲಕ್ಷ ಭೂಮಿಗಳಿಗೆ ಸಮ. ಅದಾದ ಮೇಲೆ ಆರ್ಥರ್ ಕ್ಲಾರ್ಕ್ ೧೯೭೩ರಲ್ಲಿ ಬರೆದ ‘ರಾಂದೆವೂ ವಿತ್ ರಾಮ’ ಬಂತು. ಐವತ್ತು ಕಿಲೋಮೀಟರು ಉದ್ದದ ಟೊಳ್ಳು ಉರುಳೆಯೊಂದು ಎಲ್ಲಿಂದಲೋ ಬಂದು, ಸೂರ್ಯನನ್ನು ಹಾದು, ಎಲ್ಲಿಗೋ ಹೋಗುವ ಕಥೆ. ಅದಕ್ಕೂ ಹಿಂದೆ, ೧೯೬೦ರಲ್ಲಿ, ಫ್ರೀಮನ್ ಡೈಸನ್ ಎಂಬ ಭೌತವಿಜ್ಞಾನಿ, ನಾಗರಿಕತೆಯೊಂದು ಬೆಳೆಯುತ್ತ ಬೆಳೆಯುತ್ತ ತನ್ನ ನಕ್ಷತ್ರದ ಬೆಳಕನ್ನೆಲ್ಲ ಹಿಡಿಯುವಂತೆ ಅದರ ಸುತ್ತ ಕಟ್ಟಿಕೊಂಡೀತು ಎಂದು ಬರೆದಿದ್ದ. ಡೈಸನ್ ಹೇಳಿದ್ದು ಬಿಡಿಬಿಡಿಯಾಗಿ ಸುತ್ತುವ ಅಸಂಖ್ಯ ತುಣುಕುಗಳ ಹಿಂಡನ್ನು. ಕಥೆಗಾರರು ಅದನ್ನು ತೆಂಗಿನ ಕರಟದಂತೆ ಗಟ್ಟಿ ಮಾಡಿಬಿಟ್ಟರು. ಅದು ಬೇರೆ ಮಾತು.

“ನೋಡಿ ಸಾರ್,” ಎಂದ ಹುಡುಗ, “ಕನ್ನಡದಲ್ಲಿ ಇಂಥದ್ದು ಒಂದಾದರೂ ಇದೆಯಾ? ನಮ್ಮ ಕಥೆಗಳು ಹಿತ್ತಿಲು ದಾಟೋದಿಲ್ಲ. ದೊಡ್ಡದಾಗಿ ಕಲ್ಪಿಸಿಕೊಳ್ಳೋ ಎದೆಗಾರಿಕೆ ನಮಗಿಲ್ಲ.”

ನಮ್ಮಲ್ಲಿ ಹಿರಿಯರಾದ ಮೇಷ್ಟ್ರೊಬ್ಬರಿಗೆ ಸಿಟ್ಟು ಬಂತು. “ತ್ರಿಪುರದ ಕಥೆ ಕೇಳಿಲ್ಲವೇನಯ್ಯ ನೀನು? ಚಿನ್ನದ್ದೊಂದು, ಬೆಳ್ಳಿಯದೊಂದು, ಕಬ್ಬಿಣದ್ದೊಂದು; ಮಯ ಕಟ್ಟಿದ ಮೂರು ಊರು, ಮೂರೂ ಸಂಚಾರ ಮಾಡೋವು. ಇವರು ಈಗ ಬರೆದದ್ದನ್ನ ನಮ್ಮವರು ಆಗಲೇ ಬರೆದು ಮುಗಿಸಿದ್ದರು!”

ನಾನು ಮೂವತ್ತು ವರ್ಷ ನೀರು ಸರಬರಾಜಿನ ಕೆಲಸದಲ್ಲಿದ್ದು ನಿವೃತ್ತನಾದವನು. ಕೊಳಾಯಿ, ಪಂಪು, ವಾಲ್ವು ಇವೇ ನನ್ನ ವೇದೋಪನಿಷತ್ತು. ಆದುದರಿಂದ ನನಗೆ ಕೇಳಲು ತೋಚಿದ್ದು ಒಂದೇ: “ಆ ಬಳೆಯಲ್ಲಿ ಪೈಪು ಒಡೆದರೆ ಯಾರು ಹೋಗುತ್ತಾರಪ್ಪ?” ಎಲ್ಲರೂ ನಕ್ಕುಬಿಟ್ಟರು. ನಾನು ಸೋತದ್ದು ಅಲ್ಲಿ.

ಆ ನಗುವಿಗೆ ಉತ್ತರ ಕೊಡಬೇಕಾಗಿದೆ. ಹುಡುಗನೂ ಮೇಷ್ಟರೂ ಎದುರುಬದುರು ನಿಂತಿದ್ದೇವೆಂದು ತಿಳಿದಿದ್ದಾರೆ. ನನ್ನ ಕಣ್ಣಿಗೆ ಇಬ್ಬರ ಕೈಯಲ್ಲೂ ಇರುವುದು ಒಂದೇ ಅಳತೆಪಟ್ಟಿ. ಒಬ್ಬರು ಅದನ್ನು ಹಿಡಿದು ಅಮೆರಿಕವನ್ನು ಅಳೆದರು, ಇನ್ನೊಬ್ಬರು ಪುರಾಣವನ್ನು ಅಳೆದರು. ಎಷ್ಟು ದೊಡ್ಡದು, ಯಾರು ಮೊದಲು ಎಂಬೆರಡೇ ಪ್ರಶ್ನೆ. ಇದನ್ನು ನಾನು ಗಾತ್ರದ ಗೀಳು ಎಂದು ಕರೆಯುತ್ತೇನೆ.

ಹಾಗೆಂದು ನಾನು ಈ ಕಥೆಗಳನ್ನು ಹಳಿಯುವವನಲ್ಲ. ‘ವಿಜ್ಞಾನ ಕಥೆ ಸಾಹಿತ್ಯವೇ ಅಲ್ಲ, ಮಕ್ಕಳಾಟ’ ಎನ್ನುವ ಮಹನೀಯರೂ ನಮ್ಮಲ್ಲಿದ್ದಾರೆ. ಅವರೊಡನೆ ನನಗೆ ವಾದವೇ ಬೇಡ. ನೀರು ತುಂಬಿದ ಚೊಂಬಿಗೆ ಹಗ್ಗ ಕಟ್ಟಿ ತಲೆಯ ಮೇಲೆ ಸುತ್ತಿಸಿದರೆ ನೀರು ಚೆಲ್ಲುವುದಿಲ್ಲವೆಂಬುದು ಹಳ್ಳಿಯ ಹುಡುಗರೆಲ್ಲರೂ ಬಲ್ಲ ಆಟ. ಕ್ಲಾರ್ಕನ ಉರುಳೆ ನಾಲ್ಕು ನಿಮಿಷಕ್ಕೊಮ್ಮೆ ತಿರುಗುತ್ತದೆ. ಆ ತಿರುಗಾಟದಿಂದಲೇ ಅದರ ಒಳಮೈಯಲ್ಲಿ ನಿಂತವನಿಗೆ ಭಾರ ಬರುತ್ತದೆ, ಕಡಲು ಚೆಲ್ಲದೆ ಸುತ್ತಲೂ ನಿಲ್ಲುತ್ತದೆ, ತಲೆ ಎತ್ತಿದರೆ ಆಕಾಶವಿರಬೇಕಾದಲ್ಲಿ ಅದೇ ಕಡಲಿನ ಇನ್ನೊಂದು ಮಗ್ಗುಲು ತೂಗುತ್ತಿರುತ್ತದೆ. ಇದನ್ನು ಓದಿ ಮೈನವಿರೇಳದವನಿಗೆ ನಾನು ಏನು ಹೇಳಲಿ?

ನಿವೆನ್ನನ ಬಳೆಯ ಕಥೆ ಇನ್ನೂ ಸ್ವಾರಸ್ಯದ್ದು. ಕಾದಂಬರಿ ಬಂದ ಮರುವರ್ಷ, ೧೯೭೧ರಲ್ಲಿ, ಬಾಸ್ಟನ್ನಿನಲ್ಲಿ ವಿಜ್ಞಾನ ಕಥಾಪ್ರಿಯರ ಸಮ್ಮೇಳನ ನೆರೆದಾಗ ಎಂ.ಐ.ಟಿ.ಯ ವಿದ್ಯಾರ್ಥಿಗಳು ಬಳೆ ನಿಲ್ಲುವುದಿಲ್ಲ, ನಿಲ್ಲುವುದಿಲ್ಲ ಎಂದು ಘೋಷಣೆ ಕೂಗಿದರಂತೆ. ಅವರು ಹೇಳಿದ್ದು ಸರಿ. ನಕ್ಷತ್ರ ನಟ್ಟನಡುವೆ ಇರುವಷ್ಟು ಹೊತ್ತು ಏನೂ ತೊಂದರೆಯಿಲ್ಲ. ಒಂದಿಷ್ಟು ಪಕ್ಕಕ್ಕೆ ಸರಿಯಿತೋ, ಹತ್ತಿರವಾದ ಅಂಚನ್ನು ನಕ್ಷತ್ರ ಹೆಚ್ಚಾಗಿ ಎಳೆಯುತ್ತದೆ. ಎಳೆದಷ್ಟೂ ಹತ್ತಿರ, ಹತ್ತಿರವಾದಷ್ಟೂ ಎಳೆತ. ಕಡೆಗೆ ಬಳೆ ಹೋಗಿ ನಕ್ಷತ್ರಕ್ಕೆ ಬಡಿಯುತ್ತದೆ. ನಿವೆನ್ ದೊಡ್ಡ ಮನಸ್ಸಿನವನು. ತಪ್ಪನ್ನು ಒಪ್ಪಿಕೊಂಡು, ಎರಡನೆಯ ಕಾದಂಬರಿ ಬರೆದು, ಅಂಚಿನ ಗೋಡೆಯ ಮೇಲೆ ಬಳೆಯನ್ನು ಹದದಲ್ಲಿ ನಿಲ್ಲಿಸುವ ಎಂಜಿನುಗಳನ್ನು ಕೂರಿಸಿದ. ಅಷ್ಟೇ ಅಲ್ಲ, ಅಷ್ಟು ದೊಡ್ಡ ಲೋಕದಲ್ಲಿ ಮಳೆ ಬಂದು ಮಣ್ಣು ಕೊಚ್ಚಿ ಕಡಲ ತಳ ಸೇರಿದರೆ ಹೂಳು ತೆಗೆಯುವವರು ಯಾರು ಎಂಬ ಯೋಚನೆಯೂ ಅವನಿಗೆ ಬಂತು. ಹೂಳನ್ನು ಕೊಳವೆಗಳಲ್ಲಿ ಸಾಗಿಸಿ ಗೋಡೆಯ ಮೇಲಿನಿಂದ ಒಳಕ್ಕೆ ಸುರಿಯುವ ಏರ್ಪಾಟು ಮಾಡಿದ. ಅದೇ ಮಣ್ಣು ಗೋಡೆಯ ಬುಡದಲ್ಲಿ ಬೆಟ್ಟವಾಗಿ ಬೆಳೆಯಿತು.

ಇಲ್ಲಿ ನೋಡಿ ನನ್ನ ವಾದ. ಮೂವತ್ತು ಲಕ್ಷ ಭೂಮಿಗಳ ವಿಸ್ತಾರ ಒಂದು ವಾಕ್ಯ, ಓದಿ ಮುಂದಕ್ಕೆ ಹೋಗಬಹುದು. ಹೂಳು ಬಂದಾಗ ಆ ಲೋಕ ನಿಜವಾಯಿತು. ನನ್ನ ದೂರು ನಿವೆನ್ ಹೂಳಿನವರೆಗೆ ಬಂದು ಹೂಳೆತ್ತುವವನವರೆಗೆ ಬರಲಿಲ್ಲವೆಂಬುದು. ಕ್ಲಾರ್ಕನ ಉರುಳೆಯಲ್ಲಿಯೂ ಹಾಗೆಯೇ. ಅಲ್ಲಿ ಏಡಿಯಂಥ ಯಂತ್ರಜೀವಿಗಳು ಹುಟ್ಟಿಬಂದು ಬಿದ್ದದ್ದನ್ನು ತುಂಡರಿಸಿ ಒಯ್ದು ಗುಂಡಿಗೆ ಹಾಕುತ್ತವೆ. ಕಸದ ಪ್ರಶ್ನೆಯನ್ನು ಏಡಿಗೆ ವಹಿಸಿದ್ದಾಯಿತು. ೨೦೧೫ರಲ್ಲಿ ಒಮ್ಮೆ, ೨೦೧೬ರಲ್ಲಿ ಇನ್ನೊಮ್ಮೆ ದೇಶದ ಸ್ವಚ್ಛ ನಗರಗಳಲ್ಲಿ ಮೈಸೂರಿಗೆ ಮೊದಲ ಸ್ಥಾನ ಬಂದಾಗ ಅದನ್ನು ತಂದವರು ಏಡಿಗಳಲ್ಲವೆಂದು ಬೆಳಗಿನ ಜಾವ ಎದ್ದವರಿಗೆಲ್ಲ ಗೊತ್ತು.

ಇದಕ್ಕಿಂತ ದೊಡ್ಡ ದೂರು ಮತ್ತೊಂದಿದೆ. ಕ್ಲಾರ್ಕ್ ೧೯೫೬ರಿಂದ ೨೦೦೮ರಲ್ಲಿ ತೀರಿಕೊಳ್ಳುವವರೆಗೆ ಸಿಂಹಳದಲ್ಲೇ ನೆಲೆಸಿದ್ದವನು. ೧೯೭೯ರಲ್ಲಿ ಬಂದ ಅವನ ‘ದಿ ಫೌಂಟನ್ಸ್ ಆಫ್ ಪ್ಯಾರಡೈಸ್’ ಕಾದಂಬರಿಯ ಎಂಜಿನಿಯರು ಭೂಮಿಯಿಂದ ಮೂವತ್ತಾರು ಸಾವಿರ ಕಿಲೋಮೀಟರು ಮೇಲಕ್ಕೆ ಏರುವ ಲಿಫ್ಟು ಕಟ್ಟಹೊರಡುತ್ತಾನೆ. ಅದಕ್ಕೆ ತಕ್ಕ ಜಾಗ ಒಂದೇ ಒಂದು ಬೆಟ್ಟದ ತುದಿ. ಅಲ್ಲಿ ಶತಮಾನಗಳಿಂದ ಬೌದ್ಧ ಭಿಕ್ಷುಗಳ ವಿಹಾರವಿದೆ, ಅವರು ಬಿಡಲೊಲ್ಲರು. ಭೇಷ್, ಈಗ ಕಥೆ ಬಂತು ಎಂದು ನಾನು ಕುರ್ಚಿಯ ತುದಿಗೆ ಬಂದು ಕುಳಿತೆ. ಮುಂದೇನಾಯಿತು? ಚಿನ್ನದ ಬಣ್ಣದ ಚಿಟ್ಟೆಗಳು ಬೆಟ್ಟದ ತುದಿ ಮುಟ್ಟಿದ ದಿನ ಭಿಕ್ಷುಗಳು ಸೋತಂತೆ ಎಂದು ಹಳೆಯ ಪ್ರತೀತಿ. ಬಿರುಗಾಳಿಯೊಂದು ಬೀಸಿ ಚಿಟ್ಟೆಗಳನ್ನು ಮೇಲಕ್ಕೆ ತೂರಿತು. ಭಿಕ್ಷುಗಳು ಗಂಟುಮೂಟೆ ಕಟ್ಟಿ ಇಳಿದುಹೋದರು. ಮೂವತ್ತಾರು ಸಾವಿರ ಕಿಲೋಮೀಟರಿನ ನೂಲನ್ನು ಲೆಕ್ಕ ತಪ್ಪದೆ ಇಳಿಬಿಟ್ಟ ಬುದ್ಧಿಶಾಲಿ, ಒಂದು ಬೆಟ್ಟದ ಜನರನ್ನು ಎಬ್ಬಿಸುವ ಲೆಕ್ಕಕ್ಕೆ ಬಂದಾಗ ಚಿಟ್ಟೆಯನ್ನು ಕರೆದ.

ಕನ್ನಂಬಾಡಿಗೆ ಯಾವ ಚಿಟ್ಟೆಯೂ ಬರಲಿಲ್ಲ.

ಮೈಸೂರಿನವನಾದ ನಾನು ಈ ಹೆಸರನ್ನು ಎತ್ತದೆ ಮುಂದೆ ಹೋಗಲಾರೆ. ನಮ್ಮ ಊರು ಕುಡಿಯುವ ಕಾವೇರಿಯನ್ನು ಹೊಂಗಳ್ಳಿ, ಬೆಳಗೊಳ, ಮೇಳಾಪುರಗಳಲ್ಲಿ ಎತ್ತಿ ತಳ್ಳುತ್ತಾರೆ. ಅದರ ಬೆನ್ನಿಗಿರುವುದು ಕೃಷ್ಣರಾಜಸಾಗರ. ೧೯೧೧ರಲ್ಲಿ ಕೆಲಸ ಹಿಡಿದು ಇಪ್ಪತ್ತು ವರ್ಷ ಕಟ್ಟಿದರು. ೮,೬೦೦ ಅಡಿ ಉದ್ದ, ೧೩೦ ಅಡಿ ಎತ್ತರ, ಸಿಮೆಂಟಿನ ಬದಲು ಸುರ್ಕಿ ಗಾರೆ. ಶಿವನಸಮುದ್ರದಲ್ಲಿ ೧೯೦೨ರಿಂದಲೇ ವಿದ್ಯುತ್ತು ತೆಗೆದು ತೊಂಬತ್ತೆರಡು ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸುತ್ತಿದ್ದರು. ಬೇಸಗೆಯಲ್ಲಿ ಹೊಳೆ ಸೊರಗಿದರೂ ಆ ವಿದ್ಯುತ್ತು ಸೊರಗಬಾರದೆಂಬುದು ಕಟ್ಟೆಯ ಉದ್ದೇಶಗಳಲ್ಲಿ ಒಂದು. ಹೊಳೆ, ಜಲಪಾತ, ತಂತಿ, ಮೂರು ಕಿಲೋಮೀಟರಿಗೂ ಮಿಕ್ಕಿ ಆಳದ ಗಣಿ ಎಲ್ಲ ಸೇರಿ ಒಂದೇ ಯಂತ್ರ. ಹುಡುಗನಿಗೆ ಬೇಕಾದ ಬೃಹತ್ ರಚನೆ ಇದಲ್ಲದೆ ಇನ್ನಾವುದು? ಈ ಯಂತ್ರಕ್ಕಾಗಿ ಹಳೆಯ ಕನ್ನಂಬಾಡಿಯೂ ಜೊತೆಗೆ ಹಲವು ಹಳ್ಳಿಗಳೂ ನೀರಿಗಿಳಿದವು. ಹೊಯ್ಸಳರ ಕಾಲದ ವೇಣುಗೋಪಾಲನ ಗುಡಿ ನೀರೊಳಗೆ ನಿಂತು, ಬರ ಬಂದ ವರ್ಷಗಳಲ್ಲಿ ಮಾತ್ರ ತಲೆ ತೋರುತ್ತಿತ್ತು. ಅದನ್ನು ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮರಳಿ ಕಟ್ಟಿದ್ದು ಈ ಶತಮಾನದಲ್ಲಿ. ಆ ಕಡೆ ಕೋಲಾರದ ಗಣಿ ೨೦೦೧ರ ಫೆಬ್ರವರಿಯಲ್ಲಿ ಮುಚ್ಚಿತು. ಪಾಳುಬಿದ್ದ ಬೃಹತ್ ಲೋಕದೊಳಕ್ಕೆ ಹೊಕ್ಕು ಬೆರಗಾಗುವುದು ಇಂಗ್ಲಿಷ್ ಕಥೆಗಳ ಮೆಚ್ಚಿನ ಸನ್ನಿವೇಶ. ನಮ್ಮ ಪಾಳು ಲೋಕದ ಮೇಲ್ಗಡೆ ಗಣಿಯವರ ಮಕ್ಕಳುಮರಿ ಇನ್ನೂ ಸಂಸಾರ ಮಾಡಿಕೊಂಡಿದ್ದಾರೆ. ವ್ಯತ್ಯಾಸ ಅಲ್ಲಿದೆ.

ಕಟ್ಟೆ ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಆ ನೀರನ್ನು ಕುಡಿದು, ಆ ನೀರಿನಿಂದಲೇ ಸಂಬಳ ಎಣಿಸಿದವನು ನಾನು. ಮಂಡ್ಯದ ಗದ್ದೆಯ ಅನ್ನ ತಿಂದವನು. ಹೇಳುವುದಿಷ್ಟೇ: ದೊಡ್ಡದನ್ನು ಕಟ್ಟಿದ ಕಡೆಯಲ್ಲೆಲ್ಲ ಕನ್ನಡದ ಮನಸ್ಸು ಮೊದಲು ಕೇಳಿರುವುದು ಉದ್ದಗಲವನ್ನಲ್ಲ. ‘ಕೆರೆಗೆ ಹಾರ’ವನ್ನು ನೆನೆಯಿರಿ. ಮಲ್ಲನಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಸೊಸೆಯನ್ನು ಕೊಡಬೇಕೆಂದಾಯಿತು, ಕಿರಿಯವಳಾದ ಭಾಗೀರಥಿ ಎಲ್ಲ ತಿಳಿದೂ ಹೋಗಿ ನಿಂತಳು. ಆ ಕೆರೆಯ ಉದ್ದಗಲ ಎಷ್ಟಿತ್ತೆಂದು ನಮ್ಮಲ್ಲಿ ಯಾರಾದರೂ ಕೇಳಿದ್ದುಂಟೇ? ನೀರು ಒಂದೊಂದು ಮೆಟ್ಟಿಲೇರಿ ಅವಳ ಮೈಮೇಲೆ ಬಂದದ್ದೇ ಅದರ ಅಳತೆ. ಹಿತ್ತಿಲು ದಾಟದ ಕಲ್ಪನೆ ಎಂದು ಇದನ್ನು ಕರೆಯುವವರು ಕರೆಯಲಿ.

ಹಾಡು ಹಳೆಯದಾಯಿತು ಎನ್ನುವವರಿಗೆ ಹೊಸದನ್ನು ಕೊಡುತ್ತೇನೆ. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿದದ್ದು ೧೯೬೪ರಲ್ಲಿ. ಆ ಯೋಜನೆಯಲ್ಲಿ ಸ್ವತಃ ನೌಕರಿ ಮಾಡಿದ ನಾ. ಡಿಸೋಜ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ೨೦೦೨ರಲ್ಲಿ ಚಿತ್ರ ಮಾಡಿದರು. ಸುತ್ತ ಹಿನ್ನೀರು ಏರುತ್ತಿರುವ ಗುಡ್ಡದ ಮೇಲೆ ಒಂದು ಸಂಸಾರ. ಮನುಷ್ಯ ಕಟ್ಟಿದ್ದೊಂದು ಭೂಗೋಲವನ್ನೇ ಬದಲಾಯಿಸಿದಾಗ ಒಳಗಿದ್ದವರ ಗತಿಯೇನು ಎಂಬುದೇ ಅಲ್ಲವೇ ನಿವೆನ್ನನ ವಿಷಯವೂ? ೨೦೨೫ರ ಜನವರಿಯಲ್ಲಿ ಡಿಸೋಜ ತೀರಿಕೊಂಡಾಗ ಪರಿಸರದ ಲೇಖಕ, ಮುಳುಗಡೆಯ ಲೇಖಕ ಎಂದು ಕೊಂಡಾಡಿದರು, ಸರಿಯೇ. ಬೃಹತ್ ರಚನೆಗಳ ಬಗ್ಗೆ ಕನ್ನಡದಲ್ಲಿ ಬಂದಿರುವ ಅತ್ಯುತ್ತಮ ಕಥೆ ಡಿಸೋಜರದೆಂದು ನಾನು ಹೇಳುತ್ತೇನೆ. ಗ್ರಂಥಾಲಯದವರು ಅದನ್ನು ಯಾವ ಕಪಾಟಿನಲ್ಲಾದರೂ ಇಟ್ಟುಕೊಳ್ಳಲಿ.

ಮೇಷ್ಟರಿಗೂ ಒಂದು ಮಾತು. ತ್ರಿಪುರವಿತ್ತು, ಒಪ್ಪಿದೆ. ಆದರೆ ಅದನ್ನು ಯಾರು ಮೊದಲು ಎಂಬ ಪಂದ್ಯಕ್ಕೆ ಇಳಿಸುವುದು ಪುರಾಣಕ್ಕೆ ಮಾಡುವ ಅಪಚಾರ. ಪುರಾಣಕಾರನಿಗೆ ಬೇಕಾದದ್ದು ಆ ಮೂರು ಊರು ಒಂದೇ ಬಾಣಕ್ಕೆ ಉರಿದುಹೋದದ್ದು. ಅದೇ ಮಯ ಕಟ್ಟಿದ ಇಂದ್ರಪ್ರಸ್ಥದ ಸಭೆಯಲ್ಲಿ ನೆಲವನ್ನು ನೀರೆಂದೂ ನೀರನ್ನು ನೆಲವೆಂದೂ ಭ್ರಮಿಸಿ ದುರ್ಯೋಧನ ಬಿದ್ದ, ನೋಡಿದವರು ನಕ್ಕರು, ಆ ನಗು ಎಲ್ಲಿಯವರೆಗೆ ಹೋಯಿತೆಂದು ಮೇಷ್ಟರಿಗೆ ನಾನು ಹೇಳಬೇಕೆ? ಮಯನ ಜಾಣ್ಮೆಗಿಂತ ಜಾರಿಬಿದ್ದವನ ಮನಸ್ಸು ವ್ಯಾಸನಿಗೆ ದೊಡ್ಡದಾಗಿ ಕಂಡಿತು.

ಇನ್ನೊಂದು ಆಕ್ಷೇಪವನ್ನು ಹುಡುಗ ಅಂದೇ ಎತ್ತಿದ್ದ. “ನಿಮ್ಮ ಮಾತು ಕೇಳಿದರೆ ವಿಜ್ಞಾನ ಕಥೆಯೂ ಗೋಳಿನ ಕಥೆ ಆಗಿಬಿಡುತ್ತೆ ಸಾರ್. ವಿಜ್ಞಾನ ಎಲ್ಲಿ ಉಳಿಯಿತು?” ಇದು ಗಟ್ಟಿ ಪ್ರಶ್ನೆ. ನನ್ನ ಉತ್ತರ: ದುರಸ್ತಿಗಿಂತ ಕಠಿನವಾದ ವಿಜ್ಞಾನವಿಲ್ಲ. ಇ. ಎಂ. ಫಾರ್ಸ್ಟರ್ ೧೯೦೯ರಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿ ಮೈಸೂರಿಗೆ ಬಂದ ಅದೇ ವರ್ಷ, ‘ದಿ ಮೆಷಿನ್ ಸ್ಟಾಪ್ಸ್’ ಎಂಬ ನೀಳ್ಗತೆ ಪ್ರಕಟಿಸಿದ. ಮನುಷ್ಯಕುಲವೆಲ್ಲ ನೆಲದಡಿಯ ಕೋಣೆಗಳಲ್ಲಿ, ಗಾಳಿ ಬೆಳಕು ಅನ್ನ ಹಾಸಿಗೆ ಎಲ್ಲವನ್ನೂ ಒಂದು ಯಂತ್ರದ ಕೈಯಿಂದ ಪಡೆಯುತ್ತ ಬದುಕಿದೆ. ಆ ಯಂತ್ರವನ್ನು ರಿಪೇರಿ ಮಾಡಲು ಇನ್ನೊಂದು ಯಂತ್ರವಿದೆ. ಒಂದು ದಿನ ರಿಪೇರಿಯ ಯಂತ್ರವೇ ರಿಪೇರಿಗೆ ಬರುತ್ತದೆ. ಅಳತೆಯ ಗೊಡವೆಗೆ ಹೋಗದೆ ಅವನು ಒಂದು ಲೋಕವನ್ನೇ ಬೀಳಿಸಿದ. ಓದಿದವರಿಗೆ ಕೋಣೆಯ ಫ್ಯಾನು ನಿಂತರೂ ಎದೆ ಧಸಕ್ಕೆನ್ನುತ್ತದೆ.

ಫಾರ್ಸ್ಟರನ ಕಥೆ ನಮ್ಮಲ್ಲೇ ನಡೆದುಹೋಯಿತಲ್ಲ! ೨೦೨೪ರ ಆಗಸ್ಟ್ ೧೦ರ ರಾತ್ರಿ, ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ, ಮೂವತ್ತಮೂರು ಗೇಟುಗಳ ಪೈಕಿ ಹತ್ತೊಂಬತ್ತನೆಯದರ ಸರಪಳಿ ಕಡಿಯಿತು. ಗೇಟು ಕೊಚ್ಚಿಹೋಯಿತು. ಎಪ್ಪತ್ತು ವರ್ಷ ನಿಂತ ಕಟ್ಟೆ, ಮೂರು ರಾಜ್ಯಗಳ ಬೆಳೆ, ಒಂದು ಸರಪಳಿ. ತುಂಬಿ ನಿಂತ ನೀರು ಆ ಒಂದು ಕಂಡಿಯಿಂದ ನುಗ್ಗುತ್ತಿರಲು, ಹರಿವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಸುಮಾರು ಒಂದು ವಾರದಲ್ಲಿ ಬಾಯಿ ಮುಚ್ಚಿದರು. ತಜ್ಞರಾದ ಕನ್ನಯ್ಯ ನಾಯ್ಡು ಅವರ ಹೆಸರು ಪತ್ರಿಕೆಗಳಲ್ಲಿ ಬಂತು. ಹಲಗೆಯ ಕೊನೆ ಹಿಡಿದು ನೀರಿನ ಬಾಯಲ್ಲಿ ನಿಂತವರ ಹೆಸರು ನನ್ನ ಕಣ್ಣಿಗೆ ಬೀಳಲಿಲ್ಲ. ಆ ವಾರವೆಲ್ಲ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಬಾಸ್ಟನ್ನಿನ ವಿದ್ಯಾರ್ಥಿಗಳಿಗೆ ಹದಿನೈದು ಕೋಟಿ ಕಿಲೋಮೀಟರಿನ ಬಳೆ ನಿಲ್ಲುವುದಿಲ್ಲವೆಂಬ ಚಿಂತೆ ಹತ್ತಿದಂತೆ, ನಮ್ಮ ಒಬ್ಬ ಕಥೆಗಾರನಿಗಾದರೂ ಆ ಕೊಂಡಿಯ ಚಿಂತೆ ಹತ್ತಬಾರದೆ? ತುಕ್ಕು ಹಿಡಿಯುವ ಕ್ರಮ, ನೀರಿನ ಒತ್ತಡ, ಗೇಟಿನ ತೂಕ, ರಾತ್ರಿಪಾಳಿಯವನ ಕಿವಿಗೆ ಬಿದ್ದ ಮೊದಲ ಸದ್ದು. ಇದರಲ್ಲಿ ವಿಜ್ಞಾನ ಯಾವುದು ಕಡಿಮೆ?

ಇದು ಬರೀ ಕಥೆಗಾರರ ಮನೆಯ ಜಗಳವಾಗಿದ್ದರೆ ನಾನು ಇಷ್ಟು ಕಾಗದ ಹಾಳುಮಾಡುತ್ತಿರಲಿಲ್ಲ. ಕಥೆಯ ಅಳತೆಪಟ್ಟಿ ಹಿಡಿದು ಈಗ ನಿಜವಾಗಿಯೂ ಕಟ್ಟಹೊರಟಿದ್ದಾರೆ. ಸೌದಿ ಅರೇಬಿಯದವರು ೨೦೨೧ರಲ್ಲಿ ಮರುಭೂಮಿಯ ನಡುವೆ ‘ದಿ ಲೈನ್’ ಎಂಬ ಊರನ್ನು ಘೋಷಿಸಿದರು. ಮರುವರ್ಷ ನಕ್ಷೆ ಹೊರಬಂತು: ೧೭೦ ಕಿಲೋಮೀಟರು ಉದ್ದ, ೫೦೦ ಮೀಟರು ಎ‌ತ್ತರ, ೨೦೦ ಮೀಟರು ಅಗಲದ ಒಂದೇ ಕಟ್ಟಡ, ಒಳಗೆ ತೊಂಬತ್ತು ಲಕ್ಷ ಜನ. ಆಮೇಲೆ ಅದನ್ನು ಬಹಳ ಮೊಟಕು ಮಾಡಿದರೆಂದು ವರದಿ. ಕನ್ನಡಿಯ ಗೋಡೆಗಳ ಆ ಚಿತ್ರ ನಮ್ಮ ಹುಡುಗನ ಫೋನಿನಲ್ಲಿಯೂ ಇತ್ತು, ತೋರಿಸಿ ಬೆರಗಾದ. ಆ ಯೋಜನೆಯ ನೆಲದಿಂದ ಹುವೈತಾತ್ ಎಂಬ ಬುಡಕಟ್ಟಿನವರನ್ನು ಎಬ್ಬಿಸಿದ್ದು, ಒಲ್ಲೆನೆಂದ ಒಬ್ಬ ೨೦೨೦ರಲ್ಲಿ ಗುಂಡಿಗೆ ಬಲಿಯಾದದ್ದು ಆ ಚಿತ್ರದಲ್ಲಿ ಇರಲಿಲ್ಲ. ನಮ್ಮ ಬೀದಿಯ ಎರಡು ಮನೆಗಳ ಮಕ್ಕಳು ಅರಬ್ ದೇಶಗಳಲ್ಲಿ ಕಟ್ಟಡದ ಕೆಲಸಕ್ಕಿದ್ದಾರೆ. ಎದುರುಮನೆಯ ತಾಯಿಗೆ ಮಗ ಕಟ್ಟುತ್ತಿರುವ ಗೋಪುರ ಎಷ್ಟು ಮಹಡಿಯದೆಂದು ತಿಳಿಯದು. ಅಲ್ಲಿ ಮಧ್ಯಾಹ್ನದ ಬಿಸಿಲು ಎಷ್ಟೆಂಬುದು ಪ್ರತಿದಿನವೂ ಗೊತ್ತು.

ಮೊನ್ನೆ ಅದೇ ಹುಡುಗ ಮನೆಗೆ ಬಂದು ಹನ್ನೆರಡು ಪುಟದ ಕಥೆಯೊಂದನ್ನು ಕೈಗಿತ್ತ. ಶನಿಗ್ರಹದ ಸುತ್ತ ಕಟ್ಟಿದ ಊರಿನ ಕಥೆ. ಮೊದಲ ಎರಡು ಪುಟ ಬರೀ ಅಳತೆ. ನಾನು ತುಟಿ ಬಿಚ್ಚಲಿಲ್ಲ. ಮೂರನೆಯ ಪುಟದಲ್ಲಿ ಒಬ್ಬ ಹೆಂಗಸು ಬಂದಳು. ಊರಿನ ಗಾಳಿಯ ಕೊಳವೆಗಳಲ್ಲಿ ಕಟ್ಟುವ ಬೂಷ್ಟನ್ನು ಕೆರೆಯುವುದು ಅವಳ ಕೆಲಸ. ಕೊಳವೆಯ ಒಳಗೆ ಅರ್ಧ ಮೈ ತೂರಿಸಿಕೊಂಡಿರುವಾಗ ಹಿಂದಿನ ವಾಲ್ವು ಬಿಗಿದುಕೊಳ್ಳುತ್ತದೆ, ತಿರುಗುವುದಿಲ್ಲ. ಕಥೆ ಅಲ್ಲಿಗೇ ನಿಂತಿತ್ತು.

“ಬಿಗಿದ ವಾಲ್ವನ್ನ ಏನು ಮಾಡ್ತಾರೆ ಸಾರ್?” ಎಂದ.

“ಬಾಯಲ್ಲಿ ಹೇಳಿದರೆ ಬರೋದಿಲ್ಲ ಕಣಪ್ಪ,” ಎಂದೆ. ನಾಳೆ ಬೆಳಗಿನ ಐದು ಗಂಟೆಗೆ ನಮ್ಮ ಬೀದಿಗೆ ನೀರು ಬಿಡುವ ಸರದಿ. ತುದಿಯ ಮನೆಯ ಮುಂದಿನ ಗುಂಡಿಯ ಹತ್ತಿರ ವಾಲ್ವ್‌ಮನ್ ಬರುತ್ತಾನೆ. ಆ ಹೊತ್ತಿಗೆ ಬಾ ಎಂದು ಹೇಳಿ ಕಳಿಸಿದ್ದೇನೆ.